ಮಾತನ್ನೇ ನೆಚ್ಚಿದ ಪ್ರಧಾನಿ

ಪರ್ತ್‌ನಿಂದ ಸಿಡ್ನಿಗೆ ಹೋಗಬೇಕಾದರೆ ಸುಮಾರು 3,300 ಕಿಲೋಮೀಟರ್ ಹಾರಬೇಕು. ಜಕಾರ್ತಾಕ್ಕಾದರೆ ಸುಮಾರು 3,000 ಸಾಕು. ತಮ್ಮ ದೇಶದ ಅತಿ ದೊಡ್ಡ ಊರಿಗಿಂತ ನೆರೆದೇಶದ ದೊಡ್ಡ ಊರೇ ಹತ್ತಿರವಿರುವ ಜನ ಪರ್ತ್‌ನವರು. ರಜೆ ಬಂತೆಂದರೆ ಅಲ್ಲಿಂದ ಬಾಲಿಗೆ ಹೊರಡುವವರಿಗೆ ಲೆಕ್ಕವಿಲ್ಲ, ಅವರಲ್ಲಿ ಕನ್ನಡದ ಮನೆಗಳವರೂ ಇರುತ್ತಾರೆ. ಕಡಲತೀರ, ದೇವಸ್ಥಾನ, ಭತ್ತದ ಗದ್ದೆ ನೋಡಿಕೊಂಡು ಬರುತ್ತಾರೆ. ಆದರೆ ಇಂಡೋನೇಷ್ಯಾದ ಮೊದಲ ಪ್ರಧಾನಿ ಯಾರು ಎಂದು ಕೇಳಿದರೆ ಆಸ್ಟ್ರೇಲಿಯಾದಲ್ಲಿ ಉತ್ತರ ಹೇಳುವವರು ಕಡಿಮೆ. ಇಂಡಿಯಾದಲ್ಲೂ ಅಷ್ಟೆ. ಮೊದಲ ಅಧ್ಯಕ್ಷ ಸುಕರ್ನೋ ಹೆಸರು ಎಲ್ಲರಿಗೂ ಗೊತ್ತು, ಉಪಾಧ್ಯಕ್ಷ ಹಟ್ಟಾ ಹೆಸರು ಕೆಲವರಿಗೆ ಗೊತ್ತು. ಸುತಾನ್ ಶಾಹ್ರಿರ್ ಹೆಸರು ಇವೆರಡರ ಹಿಂದೆ ಮರೆಯಾಗಿದೆ.

ಹಾಗೆ ಮರೆಯಾಗಬಾರದಿತ್ತು. 1945ರ ನವೆಂಬರಿನಲ್ಲಿ, 36ರ ವಯಸ್ಸಿನಲ್ಲಿ, ಇಂಡೋನೇಷ್ಯಾದ ಪ್ರಧಾನಿಯಾದವರು ಇವರು. ವಿದೇಶಾಂಗ ಖಾತೆಯನ್ನೂ ಒಳಾಡಳಿತವನ್ನೂ ತಾವೇ ಹೊತ್ತರು. ಸೈನ್ಯ ಹದಕ್ಕೆ ಬಂದಿರಲಿಲ್ಲ, ಖಜಾನೆ ಖಾಲಿ, ಜಗತ್ತಿನ ದೊಡ್ಡ ದೇಶಗಳ ಮಾನ್ಯತೆಯಿಲ್ಲ. ಅಂಥ ಗಣರಾಜ್ಯವನ್ನು ಮಾತುಕತೆಯ ಬಲದಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನಿಲ್ಲಿಸಿಕೊಂಡರು. ಇವರ ಕಥೆ ಸುಮಾತ್ರಾ, ಜಾವಾಗಳಲ್ಲಿ ನಡೆದರೂ ಅದರ ಎಳೆಗಳು ಬ್ರಿಸ್ಬೇನ್, ಪರ್ತ್, ಅಡಿಲೇಡ್ ಎಂಬ ಮೂರು ಆಸ್ಟ್ರೇಲಿಯನ್ ಊರುಗಳವರೆಗೂ ಹಬ್ಬಿವೆ. ಒಂದೆಳೆ ಬೆಳಗಾವಿಗೂ ತಾಗುತ್ತದೆ.

ಶಾಹ್ರಿರ್ ಹುಟ್ಟಿದ್ದು 1909ರ ಮಾರ್ಚ್ 5ರಂದು, ಪಶ್ಚಿಮ ಸುಮಾತ್ರಾದ ಪಡಾಂಗ್ ಪಂಜಾಂಗ್‌ನಲ್ಲಿ. ತಂದೆ ಡಚ್ ಸರ್ಕಾರದಲ್ಲಿ ಪ್ರಾಸಿಕ್ಯೂಟರ್. ಮಲತಾಯಿಯ ಮಗಳು, ಇವರಿಗಿಂತ ಬಹಳ ದೊಡ್ಡವರಾದ ಅಕ್ಕ ರೋಹಾನಾ ಕುದುಸ್ ಸಾಮಾನ್ಯ ಹೆಂಗಸಲ್ಲ. 1912ರಲ್ಲೇ ಹೆಂಗಸರಿಗಾಗಿ ಒಂದು ಪತ್ರಿಕೆ ಹೊರಡಿಸಿದವರು, ಇಂಡೋನೇಷ್ಯಾದ ಪತ್ರಿಕೋದ್ಯಮದ ಹಿರಿಯ ಹೆಸರುಗಳಲ್ಲೊಬ್ಬರು. ಮೆಡಾನ್‌ನಲ್ಲಿ ಬೆಳೆದ ಹುಡುಗ ಬಾಂಡುಂಗ್‌ನ ಶಾಲೆಗೆ ಬಂದ. ಅಲ್ಲಿ ಫುಟ್ಬಾಲ್, ಪಿಟೀಲು, ನಾಟಕ ಮೂರರಲ್ಲೂ ಮುಂದು. 1929ರಲ್ಲಿ ಕಾನೂನು ಓದಲೆಂದು ಹಾಲೆಂಡಿಗೆ ಹೋದವನು ಪದವಿ ಮುಗಿಸಲಿಲ್ಲ. ಆಂಸ್ಟರ್‌ಡ್ಯಾಮಿನ ಸಮಾಜವಾದಿ ಯುವಕರ ಒಡನಾಟ ಸಿಕ್ಕಿತು, ಅದೇ ಅವನ ನಿಜವಾದ ಕಾಲೇಜು. ಅಲ್ಲೇ ಮೊಹಮ್ಮದ್ ಹಟ್ಟಾ ಅವರ ಸಂಗಡ ರಾಜಕೀಯದ ಪಾಠವೂ ಆಯಿತು.

ಅಲ್ಲೇ ಮರಿಯಾ ಡುಶಾಟೋ ಎಂಬ ಡಚ್ ಯುವತಿಯ ಪರಿಚಯವಾಯಿತು. ಶಾಹ್ರಿರ್ ತಾಯ್ನಾಡಿಗೆ ಮರಳಿದ ಮೇಲೆ ಅವರೂ 1932ರಲ್ಲಿ ಮೆಡಾನ್‌ಗೆ ಬಂದರು, ಮದುವೆಯಾಯಿತು. ಬಿಳಿ ಹೆಂಗಸೊಬ್ಬಳು ಕಂದು ಬಣ್ಣದ ಗಂಡನ ಕೈಹಿಡಿದು, ಸ್ಥಳೀಯರ ಉಡುಗೆ ತೊಟ್ಟು ಬೀದಿಯಲ್ಲಿ ನಡೆಯುವುದನ್ನು ಅಲ್ಲಿನ ಯುರೋಪಿಯನ್ನರಿಗೆ ನೋಡಲಾಗಲಿಲ್ಲ. ಮೊದಲ ಗಂಡನಿಂದ ಕಾನೂನುಬದ್ಧವಾಗಿ ಬಿಡುಗಡೆಯಾಗಿಲ್ಲ ಎಂಬ ನೆಪ ಪೊಲೀಸರಿಗೆ ಸಿಕ್ಕಿತು. ಮದುವೆಯನ್ನು ರದ್ದುಮಾಡಿ, ಕೆಲವೇ ವಾರಗಳಲ್ಲಿ ಅವರನ್ನು ಹಡಗು ಹತ್ತಿಸಿ ಹಿಂದಕ್ಕೆ ಕಳಿಸಿದರು. ಮುಂದೆ ಜೈಲಿನಿಂದ, ಗಡೀಪಾರಿನಿಂದ ಶಾಹ್ರಿರ್ ಮರಿಯಾಗೆ ಬರೆದ ಪತ್ರಗಳು 1945ರಲ್ಲಿ ಹಾಲೆಂಡಿನಲ್ಲಿ ಪುಸ್ತಕವಾದವು. 1949ರಲ್ಲಿ ‘ಔಟ್ ಆಫ್ ಎಕ್ಸೈಲ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ ಬಂದವು. ವಸಾಹತುಶಾಹಿ ಆಳ್ವಿಕೆಯ ಕೈದಿಯೊಬ್ಬನ ಮನಸ್ಸನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಸ್ತಕಗಳು ಏಷ್ಯಾದಲ್ಲಿ ಹೆಚ್ಚಿಲ್ಲ.

ಡಚ್ಚರ ಆಳ್ವಿಕೆಯ ವಿರುದ್ಧ ಹಟ್ಟಾ ಜೊತೆ ಸಂಘಟನೆ ನಡೆಸಿದ್ದಕ್ಕೆ 1934ರ ಫೆಬ್ರವರಿಯಲ್ಲಿ ಬಂಧನವಾಯಿತು. ವಿಚಾರಣೆ ನಡೆಯಲಿಲ್ಲ. ಮರುವರ್ಷ ಹಟ್ಟಾ ಮತ್ತು ಶಾಹ್ರಿರ್ ಇಬ್ಬರನ್ನೂ ನ್ಯೂಗಿನಿಯ ಕಾಡಿನೊಳಗಿನ ಬೋವೆನ್ ಡಿಗುಲ್ ಎಂಬಲ್ಲಿಗೆ ಸಾಗಿಸಿದರು. 1926-27ರ ಕಮ್ಯುನಿಸ್ಟ್ ದಂಗೆಯ ನಂತರ ಡಚ್ಚರು ಕಟ್ಟಿದ ಶಿಬಿರ ಅದು. ಅಲ್ಲಿ ಬೇಲಿ ಬೇಕಿರಲಿಲ್ಲ. ಒಂದು ಕಡೆ ನದಿ, ಮೂರು ಕಡೆ ಕಾಡು, ಎಲ್ಲೆಲ್ಲೂ ಮಲೇರಿಯಾ. ಒಂದು ವರ್ಷದ ನಂತರ ಇವರಿಬ್ಬರನ್ನು ಜಾಯಿಕಾಯಿಗೆ ಹೆಸರಾದ ಬಂದಾ ನೀರಾ ದ್ವೀಪಕ್ಕೆ ಕಳಿಸಿದರು. ಅಲ್ಲಿ ಇನ್ನೂ ಆರು ವರ್ಷ. ಶಾಹ್ರಿರ್ ಊರಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪಾಠ ಹೇಳಿದರು, ಈಜಿದರು, ದೋಣಿ ನಡೆಸಿದರು. ಹಟ್ಟಾ ಓದಿದರು, ಬರೆದರು. 1942ರ ಜನವರಿ 31ರಂದು, ಜಪಾನೀಯರು ಹತ್ತಿರವಾಗುತ್ತಿದ್ದಾಗ, ಇಬ್ಬರನ್ನೂ ಜಾವಾಕ್ಕೆ ಕೊಂಡೊಯ್ಯಲು ನೀರಿನ ಮೇಲಿಳಿಯುವ ಕೆಟಲಿನಾ ವಿಮಾನ ಬಂತು. ವಿಮಾನದಲ್ಲಿ ಜಾಗ ಕಡಿಮೆ. ಹಟ್ಟಾ ಜೀವದಂತೆ ಕಾಪಾಡಿಕೊಂಡಿದ್ದ ಪುಸ್ತಕದ ಪೆಟ್ಟಿಗೆಗಳೋ, ಶಾಹ್ರಿರ್ ಸಾಕಿಕೊಂಡಿದ್ದ ಮಕ್ಕಳೋ ಎಂಬ ಪ್ರಶ್ನೆ ಎದ್ದಿತು. ಪೆಟ್ಟಿಗೆಗಳು ದಡದಲ್ಲಿ ಉಳಿದವು, ಮಕ್ಕಳು ಹತ್ತಿದರು ಎಂದು ಇಂಡೋನೇಷ್ಯಾದಲ್ಲಿ ಇಂದಿಗೂ ಹೇಳುತ್ತಾರೆ.

ಆ ಹೊತ್ತಿಗೆ ಡಿಗುಲ್‌ನಲ್ಲೇ ಉಳಿದಿದ್ದ ಕೈದಿಗಳ ಹಣೆಬರಹ ಬೇರೆಯಾಗಿತ್ತು. ಇಲ್ಲಿಂದ ಕಥೆ ಆಸ್ಟ್ರೇಲಿಯಾಕ್ಕೆ ಹೊರಳುತ್ತದೆ. ಜಪಾನೀಯರು ಬಂದರೆ ಈ ಕೈದಿಗಳು ಅವರ ಕೈಸೇರುತ್ತಾರೆ ಎಂಬ ಭಯದಿಂದ ಡಚ್ಚರು 1943ರಲ್ಲಿ ಹೆಂಡಿರು ಮಕ್ಕಳ ಸಮೇತ ಸುಮಾರು 500 ಮಂದಿಯನ್ನು ಹಡಗಿನಲ್ಲಿ ಕ್ವೀನ್ಸ್‌ಲ್ಯಾಂಡಿನ ಬೋವೆನ್ ಬಂದರಿಗೆ ತಂದರು. ಅಲ್ಲಿಂದ ರೈಲಿನಲ್ಲಿ ನ್ಯೂ ಸೌತ್ ವೇಲ್ಸ್‌ನ ಕೌರಾ ಶಿಬಿರಕ್ಕೆ. ಇವರು ಅಪಾಯಕಾರಿಗಳು ಎಂದಷ್ಟೇ ಆಸ್ಟ್ರೇಲಿಯಾ ಸರ್ಕಾರಕ್ಕೆ ಹೇಳಿದ್ದರು. ಇವರು ಯುದ್ಧಕೈದಿಗಳಲ್ಲ, ಒಂದೇ ಒಂದು ವಿಚಾರಣೆಯೂ ಇಲ್ಲದೆ ಹತ್ತು ಹದಿನೈದು ವರ್ಷ ಕಾಡಿನಲ್ಲಿ ಕೊಳೆತ ರಾಜಕೀಯ ಕೈದಿಗಳು ಎಂಬುದು ಹೊರಬಿದ್ದಾಗ ಕಾರ್ಮಿಕ ಸಂಘಗಳೂ ನಾಗರಿಕ ಹಕ್ಕುಗಳ ಹೋರಾಟಗಾರರೂ ದನಿ ಎತ್ತಿದರು. ಅದೇ ವರ್ಷದ ಕೊನೆಗೆ ಬಿಡುಗಡೆಯಾಯಿತು. ಬಿಡುಗಡೆಯಾದವರಲ್ಲಿ ಹಲವರು ಬ್ರಿಸ್ಬೇನ್ ಸೇರಿದರು.

ಬ್ರಿಸ್ಬೇನ್ ಆಗ ವಿಚಿತ್ರ ಊರು. ನಗರದ ಹೊರವಲಯದ ವಾಕೋಲ್‌ನಲ್ಲಿ, ಅಮೆರಿಕನ್ ಸೈನ್ಯ ಬಿಟ್ಟುಹೋದ ಕ್ಯಾಂಪ್ ಕೊಲಂಬಿಯಾದಲ್ಲಿ, 1944ರಿಂದ ಡಚ್ ಈಸ್ಟ್ ಇಂಡೀಸ್‌ನ, ಅಂದರೆ ಡಚ್ಚರ ಆಳ್ವಿಕೆಯ ಇಂಡೋನೇಷ್ಯಾದ, ದೇಶಾಂತರ ಸರ್ಕಾರ ನಡೆಯುತ್ತಿತ್ತು. ಆಳಲು ದೇಶ ಕೈಯಲ್ಲಿರಲಿಲ್ಲ. ಆದರೂ ಇಲಾಖೆಗಳಿದ್ದವು, ಕಡತಗಳಿದ್ದವು, ಯುದ್ಧ ಮುಗಿದ ಮರುದಿನವೇ ಹೋಗಿ ಕುರ್ಚಿ ಹಿಡಿಯುವ ತಯಾರಿ ಇತ್ತು. ಅದೇ ಊರಿನಲ್ಲಿ, ಕೆಲವೊಮ್ಮೆ ಅದೇ ಕಚೇರಿಗಳ ಗುಮಾಸ್ತರಾಗಿ, ಡಿಗುಲ್‌ನಿಂದ ಬಂದವರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಮೊಹಮ್ಮದ್ ಬೊಂಡಾನ್ ಒಬ್ಬರು. ಹಟ್ಟಾ, ಶಾಹ್ರಿರ್ ಅವರ ಸಂಘಟನೆಯಲ್ಲೇ ದುಡಿದು, ಅದೇ ಕಾರಣಕ್ಕೆ ಡಿಗುಲ್‌ಗೆ ಹೋಗಿದ್ದವರು. ನಾಯಕರಿಬ್ಬರು ಬಂದಾ ದ್ವೀಪದ ದಾರಿಯಲ್ಲಿ ಜಾವಾಕ್ಕೆ ಮರಳಿದರೆ, ಸಂಗಾತಿ ಕೌರಾದ ದಾರಿಯಲ್ಲಿ ಬ್ರಿಸ್ಬೇನಿಗೆ ಬಂದಿದ್ದರು.

ಜಪಾನೀಯರ ಆಳ್ವಿಕೆಯ ಮೂರೂವರೆ ವರ್ಷ ಜಾವಾದಲ್ಲಿ ಏನಾಯಿತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಸುಕರ್ನೋ ಮತ್ತು ಹಟ್ಟಾ ಜಪಾನೀಯರ ಜೊತೆ ಬಹಿರಂಗವಾಗಿ ಕೆಲಸ ಮಾಡಿದರು. ಆ ದಾರಿಯಲ್ಲೇ ಸ್ವಾತಂತ್ರ್ಯ ಬೇಗ ಬರುತ್ತದೆ ಎಂಬುದು ಅವರ ಲೆಕ್ಕ. ಶಾಹ್ರಿರ್ ದೂರ ಉಳಿದರು. ವಿದೇಶಿ ಬಾನುಲಿ ಕೇಳುವುದು ಅಪರಾಧವಾಗಿದ್ದ ಕಾಲದಲ್ಲಿ ಕದ್ದಿಟ್ಟ ರೇಡಿಯೊದಲ್ಲಿ ಮಿತ್ರರಾಷ್ಟ್ರಗಳ ಸುದ್ದಿ ಕೇಳಿ, ವಿದ್ಯಾರ್ಥಿಗಳ ಸಣ್ಣ ಸಣ್ಣ ಗುಂಪುಗಳಿಗೆ ಯುದ್ಧದ ನಿಜಸ್ಥಿತಿ ಹೇಳುತ್ತಿದ್ದರು. ಜಪಾನ್ ಶರಣಾಗುವ ಸುದ್ದಿ ಸಿಕ್ಕಿದ್ದೇ ತಡ, ಈಗಲೇ ಸ್ವಾತಂತ್ರ್ಯ ಘೋಷಿಸಿ ಎಂದು ಹಟ್ಟಾ ಅವರನ್ನು ಒತ್ತಾಯಿಸಿದರು. ಘೋಷಣೆ ಬಂದದ್ದು 1945ರ ಆಗಸ್ಟ್ 17ರಂದು. ಆ ಸಮಾರಂಭದಲ್ಲಿ ಶಾಹ್ರಿರ್ ಇರಲಿಲ್ಲ.

ಘೋಷಣೆಯ ಸುದ್ದಿ ಆಸ್ಟ್ರೇಲಿಯಾದ ಬಂದರುಗಳನ್ನು ಮುಟ್ಟಿದ ಮೇಲೆ ನಡೆದದ್ದು ಜಗತ್ತಿನ ಕಾರ್ಮಿಕ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಡಚ್ ಹಡಗುಗಳ ಇಂಡೋನೇಷ್ಯನ್ ಖಲಾಸಿಗಳು ಗಂಟುಮೂಟೆ ಹೊತ್ತು ಧಕ್ಕೆಗೆ ಇಳಿದರು. ಆ ಹಡಗುಗಳಲ್ಲಿದ್ದ ಆಯುಧ, ಸೈನ್ಯ, ಸರಕು ತಮ್ಮ ಗಣರಾಜ್ಯವನ್ನು ಹೊಸಕಿಹಾಕಲು ಹೊರಟಿವೆ ಎಂದರು. ಬ್ರಿಸ್ಬೇನಿನಲ್ಲಿ ರೂಪುಗೊಂಡ ಸ್ವತಂತ್ರ ಇಂಡೋನೇಷ್ಯಾ ಸಮಿತಿ ಕಾರ್ಮಿಕ ಸಂಘಗಳ ಬಾಗಿಲು ತಟ್ಟಿತು. ಬೊಂಡಾನ್ ಅದರ ಮುಂದಾಳುಗಳಲ್ಲಿ ಒಬ್ಬರು. ಬ್ರಿಸ್ಬೇನಿನ ಬಂದರು ಕಾರ್ಮಿಕರು ಸೆಪ್ಟೆಂಬರ್ 24ರ ಹೊತ್ತಿಗೆ ಡಚ್ ಹಡಗುಗಳನ್ನು ಮುಟ್ಟುವುದಿಲ್ಲ ಎಂದು ನಿಂತರು. ಜಿಮ್ ಹೀಲಿ ಮುನ್ನಡೆಸುತ್ತಿದ್ದ ಬಂದರು ಕಾರ್ಮಿಕರ ಒಕ್ಕೂಟ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಟಗ್ ದೋಣಿಯವರು ಎಳೆಯಲಿಲ್ಲ, ಕಲ್ಲಿದ್ದಲು ತುಂಬುವವರು ತುಂಬಲಿಲ್ಲ, ರಿಪೇರಿಯವರು ಉಪಕರಣ ಕೆಳಗಿಟ್ಟರು. ಈ ಬಹಿಷ್ಕಾರದ ಬಗ್ಗೆ ‘ಬ್ಲ್ಯಾಕ್ ಆರ್ಮಡಾ’ ಎಂಬ ಪುಸ್ತಕ ಬರೆದ ರೂಪರ್ಟ್ ಲಾಕ್‌ವುಡ್ ಅವರ ಲೆಕ್ಕದಲ್ಲಿ ಹಡಗು, ಬಾರ್ಜು, ದೋಣಿ ಎಲ್ಲ ಸೇರಿ 559 ನೌಕೆಗಳು ಇದಕ್ಕೆ ಸಿಕ್ಕಿಕೊಂಡವು. ಪ್ರಧಾನಿ ಬೆನ್ ಚಿಫ್ಲಿ ಅವರ ಲೇಬರ್ ಸರ್ಕಾರ ಕಾರ್ಮಿಕರ ಮೇಲೆ ಬಲಪ್ರಯೋಗಕ್ಕೆ ಇಳಿಯಲಿಲ್ಲ.

ಪರ್ತ್‌ನ ಬಂದರು ಫ್ರೀಮ್ಯಾಂಟಲ್. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ದೊಡ್ಡ ಜಲಾಂತರ್ಗಾಮಿ ನೆಲೆ ಅದು. ಡಚ್ ಜಲಾಂತರ್ಗಾಮಿಗಳೂ ಅಲ್ಲಿಂದಲೇ ಹೊರಡುತ್ತಿದ್ದವು. ಅಲ್ಲಿಗೂ ಬಹಿಷ್ಕಾರ ಹಬ್ಬಿತು.

ಇಂಡೋನೇಷ್ಯನ್ ಖಲಾಸಿಗಳು ಇಳಿದುಹೋದ ಹಡಗುಗಳಿಗೆ ಡಚ್ಚರು ಹುಡುಕಿ ತಂದದ್ದು ಇಂಡಿಯಾದ ಖಲಾಸಿಗಳನ್ನು. ಅವರೂ ಕೆಲಸ ಬಿಟ್ಟರು. 1945ರ ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ‘ಪತ್ರಾಸ್’ ಎಂಬ ಡಚ್ ಹಡಗು ಇಂಡಿಯನ್ ಖಲಾಸಿಗಳೊಡನೆ ಹೇಗೋ ಬಂದರು ಬಿಟ್ಟು ಹೊರಟಿತ್ತು. ಸಣ್ಣ ಮೋಟಾರು ದೋಣಿಯೊಂದು ಅದರ ಬೆನ್ನು ಹತ್ತಿತು. ದೋಣಿಯಲ್ಲಿದ್ದವರು ಕೊಂಬಿನಂಥ ಧ್ವನಿವರ್ಧಕ ಹಿಡಿದು, ನಿಮ್ಮ ದೇಶವೂ ಗುಲಾಮಗಿರಿಯಲ್ಲೇ ಇದೆ, ಇನ್ನೊಬ್ಬರ ಸಂಕೋಲೆಗೆ ಕೈಜೋಡಿಸಬೇಡಿ ಎಂಬ ಅರ್ಥದಲ್ಲಿ ಹಿಂದೂಸ್ತಾನಿಯಲ್ಲಿ ಕೂಗಿದರು. ಕೊನೆಗೆ ಖಲಾಸಿಗಳು ಕೆಲಸ ನಿಲ್ಲಿಸಿದರು, ಹಡಗು ಹಿಂದಿರುಗಿತು. ಡಚ್ ಚಿತ್ರನಿರ್ದೇಶಕ ಯೋರಿಸ್ ಇವೆನ್ಸ್ ತಮ್ಮ ಸರ್ಕಾರದ ಕೆಲಸಕ್ಕೆ ರಾಜೀನಾಮೆ ಕೊಟ್ಟು 1946ರಲ್ಲಿ ಮಾಡಿದ ‘ಇಂಡೋನೇಷ್ಯಾ ಕಾಲಿಂಗ್’ ಚಿತ್ರದಲ್ಲಿ ಈ ಪ್ರಸಂಗವಿದೆ. ದಶರಥ ಸಿಂಗ್ ಅಧ್ಯಕ್ಷತೆಯಲ್ಲಿ ಆಸ್ಟ್ರೇಲಿಯಾದಲ್ಲೇ ಇಂಡಿಯನ್ ನಾವಿಕರ ಸಂಘವೊಂದು ಹುಟ್ಟಿದ್ದೂ ಆಗಲೇ. ನಮ್ಮ ಶಾಲೆಯ ಪಾಠಗಳಲ್ಲಿ ಮುಂಬೈ ನೌಕಾ ದಂಗೆಗೆ ಒಂದಿಷ್ಟು ಜಾಗವಿದೆ. ಅದಕ್ಕೂ ನಾಲ್ಕು ತಿಂಗಳು ಮುಂಚೆ, ಪರದೇಶದಲ್ಲಿ, ಪರದೇಶದ ಸ್ವಾತಂತ್ರ್ಯಕ್ಕಾಗಿ ಸಂಬಳ ಬಿಟ್ಟು ನಿಂತ ಈ ಬಡ ಖಲಾಸಿಗಳಿಗೂ ಅಲ್ಲೊಂದು ಪುಟ ಸಿಗಬೇಕು.

ಆದರೆ ಈ ಬೆಂಬಲಕ್ಕೆ ಒಂದು ತೊಡಕಿತ್ತು. ಜಪಾನೀಯರ ಶಿಬಿರಗಳಲ್ಲಿ ಸಾವಿರಾರು ಆಸ್ಟ್ರೇಲಿಯನ್ ಸೈನಿಕರು ಸತ್ತಿದ್ದರು. ಬದುಕಿ ಉಳಿದವರು ಎಲುಬಿನ ಹಂದರಗಳಾಗಿ ಮನೆಗೆ ಮರಳುತ್ತಿದ್ದರು. ಸುಕರ್ನೋ ಜಪಾನಿನ ಕೈಗೊಂಬೆ, ಈ ಗಣರಾಜ್ಯ ಜಪಾನೀಯರು ಬಿಟ್ಟುಹೋದ ಪಳೆಯುಳಿಕೆ ಎಂದು ಡಚ್ಚರು ಸಾರುತ್ತಿದ್ದರು. ಆ ಮಾತು ಆಸ್ಟ್ರೇಲಿಯಾದ ಮನೆಮನೆಗೂ ನಾಟುವಂಥದ್ದು. ಸುಕರ್ನೋ ಜೊತೆ ಮಾತಾಡುವುದಿಲ್ಲ ಎಂದು ಡಚ್ಚರು ಹಟ ಹಿಡಿದಿದ್ದರು. ಈ ಗಂಟನ್ನು ಬಿಚ್ಚಿದ್ದು ಶಾಹ್ರಿರ್. 1945ರ ನವೆಂಬರ್ 14ರಂದು ಸಂಸದೀಯ ಮಾದರಿಯ ಸಂಪುಟ ರಚನೆಯಾಯಿತು, ಶಾಹ್ರಿರ್ ಪ್ರಧಾನಿಯಾದರು. ಜಪಾನೀಯರಿಗೆ ಒಂದು ದಿನವೂ ತಲೆಬಾಗದ ವ್ಯಕ್ತಿ, ಡಚ್ಚನ್ನು ಡಚ್ಚರಂತೆಯೇ ಮಾತಾಡುವ ಸಮಾಜವಾದಿ. ಮಾತಿಗೆ ಕೂರಲು ಆಗುವುದಿಲ್ಲ ಎಂಬ ನೆಪ ಇನ್ನು ನಡೆಯುವಂತಿರಲಿಲ್ಲ. ಇಂಡೋನೇಷ್ಯಾದ ಗಣರಾಜ್ಯ ಆ ಕಷ್ಟಕಾಲ ದಾಟಿದ್ದಕ್ಕೆ ಬ್ರಿಸ್ಬೇನ್ ಕಾರ್ಮಿಕರ ಹಟ ಎಷ್ಟು ಕಾರಣವೋ, ಜಗತ್ತಿನ ಮುಂದೆ ನಿಲ್ಲಬಲ್ಲ ಈ ಒಂದು ಮುಖವೂ ಅಷ್ಟೇ ಕಾರಣ. ಶಾಹ್ರಿರ್ ಬಗ್ಗೆ ಬರೆಯುವವರು ಇದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಆ ನವೆಂಬರ್ ತಿಂಗಳು ರಕ್ತದ್ದು. ಜಪಾನೀಯರ ಶರಣಾಗತಿ ಸ್ವೀಕರಿಸಲು ಜಾವಾಕ್ಕೆ ಬಂದ ಬ್ರಿಟಿಷ್ ಪಡೆಯಲ್ಲಿ ಬಹುಪಾಲು ಇಂಡಿಯನ್ ಸೈನಿಕರು. ಸುರಬಾಯಾದಲ್ಲಿ ಇಳಿದ 49ನೇ ಬ್ರಿಗೇಡ್‌ನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಗಳಿದ್ದವು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಅಕ್ಟೋಬರ್ 30ರಂದು ಆ ಬ್ರಿಗೇಡ್‌ನ ಮುಖ್ಯಸ್ಥ ಬ್ರಿಗೇಡಿಯರ್ ಮ್ಯಾಲಬಿ ಕೊಲೆಯಾದರು. ನವೆಂಬರ್ 10ರಿಂದ ನಗರದ ಮೇಲೆ ವಾರಗಟ್ಟಲೆ ದಾಳಿ ನಡೆಯಿತು. ಆ ದಿನವನ್ನು ಇಂಡೋನೇಷ್ಯಾ ಈಗಲೂ ವೀರರ ದಿನವೆಂದು ಆಚರಿಸುತ್ತದೆ. ಒಂದು ಗುಲಾಮ ದೇಶದ ಸೈನಿಕರನ್ನು ಇನ್ನೊಂದು ದೇಶದ ಸ್ವಾತಂತ್ರ್ಯದ ಮೇಲೆ ಛೂಬಿಟ್ಟದ್ದನ್ನು ನೆಹರೂ ಕಟುವಾಗಿ ಖಂಡಿಸಿದರು.

ಅದೇ ತಿಂಗಳು ಶಾಹ್ರಿರ್ ‘ನಮ್ಮ ಹೋರಾಟ’ ಎಂಬ ಕಿರುಹೊತ್ತಿಗೆ ಪ್ರಕಟಿಸಿದರು. ಸುತ್ತ ಬೆಂಕಿ ಹತ್ತಿದ್ದಾಗ ಅದನ್ನು ಬರೆಯಲು ಎದೆಗಾರಿಕೆ ಬೇಕಿತ್ತು. ಡಚ್ಚರ ವಿರುದ್ಧ ಹೋರಾಡಿ ಎಂದಷ್ಟೇ ಅದು ಹೇಳಲಿಲ್ಲ. ಮಿಶ್ರ ಸಂತಾನದವರ ಮೇಲೆ, ಚೀನೀಯರ ಮೇಲೆ, ಅಂಬೋನಿನವರ ಮೇಲೆ ತಮ್ಮದೇ ತರುಣರು ನಡೆಸುತ್ತಿದ್ದ ಕೊಲೆ, ಸುಲಿಗೆಗಳನ್ನು ಹೆಸರು ಹಿಡಿದು ಖಂಡಿಸಿತು. ಜಪಾನೀಯರಿಂದ ಕಲಿತ ಸರ್ವಾಧಿಕಾರದ ಚಾಳಿ ಬಿಡದಿದ್ದರೆ ಸ್ವಾತಂತ್ರ್ಯ ಬಂದರೂ ಜನ ಸ್ವತಂತ್ರರಾಗುವುದಿಲ್ಲ ಎಂಬುದು ಅದರ ತಿರುಳು. ಸುಕರ್ನೋ ಸುತ್ತಲಿನವರಿಗೆ ಇದು ತಮ್ಮ ಕಡೆಗೇ ತಿರುಗಿದ ಬಾಣವೆಂದು ತೋರಿತು. ಅವರ ಊಹೆ ತಪ್ಪೂ ಅಲ್ಲ.

ಆಗ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು ಎಂದು ತಿಳಿಯಬೇಕಾದರೆ ಅಡಿಲೇಡಿನ ಕಡೆ ನೋಡಬೇಕು. ಅಲ್ಲಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದ ಆಂಟನ್ ಲುಕಾಸ್ ಮಧ್ಯ ಜಾವಾದ ಉತ್ತರ ಕರಾವಳಿಯ ಬ್ರೆಬೆಸ್, ತೆಗಾಲ್, ಪೆಮಲಾಂಗ್ ಎಂಬ ಮೂರು ಸೀಮೆಗಳ ದಂಗೆಯನ್ನು ಆ ಊರಿನವರ ಬಾಯಿಂದಲೇ ಕೇಳಿ ದಾಖಲಿಸಿದರು. ಅವರ ‘ಒನ್ ಸೋಲ್ ಒನ್ ಸ್ಟ್ರಗಲ್’ ಪುಸ್ತಕ 1991ರಲ್ಲಿ ಬಂತು. ಜಪಾನೀಯರ ಕಾಲದಲ್ಲಿ ಬಡವರ ಭತ್ತ ಕಿತ್ತುಕೊಟ್ಟ ಊರಗೌಡರನ್ನೂ ಅಧಿಕಾರಿಗಳನ್ನೂ ಜನ 1945ರ ಅಕ್ಟೋಬರಿನಲ್ಲಿ ಕುರ್ಚಿಯಿಂದಿಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿ ಅವಮಾನಿಸಿದರು, ತಮ್ಮವರನ್ನು ಕೂರಿಸಿದರು. ಡಿಸೆಂಬರಿನಲ್ಲಿ ಗಣರಾಜ್ಯದ ಸೈನ್ಯವೇ ಬಂದು ಆ ಹೊಸ ನಾಯಕರನ್ನು ಹಿಡಿದು ಜೈಲಿಗೆ ಹಾಕಿತು. ಶಾಹ್ರಿರ್ ಅವರ ಶಿಸ್ತಿನ ಮಾತಿಗೂ ಹಸಿದ ಹಳ್ಳಿಯ ಸಿಟ್ಟಿಗೂ ನಡುವೆ ಎಷ್ಟು ದೂರವಿತ್ತೆಂದು ಇಲ್ಲಿ ಕಾಣುತ್ತದೆ. ಅನ್ಯಾಯಕ್ಕೊಳಗಾದವರ ಸಿಟ್ಟನ್ನೂ ಪುಂಡರ ಹಿಂಸೆಯನ್ನೂ ಬೇರೆ ಮಾಡಿ ನೋಡಿ, ಮೊದಲನೆಯದಕ್ಕೆ ದಾರಿ ತೋರಿಸುವ ಕೆಲಸ ಇವರ ಸರ್ಕಾರದ ಕೈಯಲ್ಲಿ ಆಗಲಿಲ್ಲ. ಶಾಹ್ರಿರ್ ಅವರ ಅಭಿಮಾನಿಗಳೂ ಇದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

1946ರ ಏಪ್ರಿಲಿನಲ್ಲಿ ಪ್ರಧಾನಿ ಮಾಡಿದ ಒಂದು ಘೋಷಣೆ ಇಂಡಿಯಾಕ್ಕೆ ನೇರ ಸಂಬಂಧಿಸಿದ್ದು. ಹಿಂದಿನ ವರ್ಷ ಮಳೆ ಕೈಕೊಟ್ಟು ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಲ್ಲೂ ಮೈಸೂರು ಸಂಸ್ಥಾನದಲ್ಲೂ ಅನ್ನಕ್ಕೆ ತತ್ವಾರವಾಗಿತ್ತು, ರೇಷನ್ ಅಳತೆ ಇಳಿದಿತ್ತು. ಆಗ ಶಾಹ್ರಿರ್, ಇಂಡಿಯಾಕ್ಕೆ 5 ಲಕ್ಷ ಟನ್ ಅಕ್ಕಿ ಕೊಡುತ್ತೇವೆ, ಬದಲಿಗೆ ಬಟ್ಟೆ, ಬೇಸಾಯದ ಸಲಕರಣೆ ಕೊಡಿ ಎಂದರು. ಹರಕು ಬಟ್ಟೆಯ ದೇಶಕ್ಕೂ ಹಸಿದ ದೇಶಕ್ಕೂ ಒಪ್ಪುವ ವ್ಯಾಪಾರ ಅದು. ಅಷ್ಟೇ ಅಲ್ಲ, ಡಚ್ಚರ ಒಪ್ಪಿಗೆಯಿಲ್ಲದೆ ಇನ್ನೊಂದು ದೇಶದೊಡನೆ ಕರಾರು ಮಾಡಿಕೊಳ್ಳಬಲ್ಲ ಸರ್ಕಾರ ಇದು ಎಂದು ಜಗತ್ತಿಗೆ ತೋರಿಸುವ ಜಾಣ್ಮೆಯೂ ಅದರಲ್ಲಿತ್ತು. ಡಚ್ಚರ ಅಡ್ಡಿಯಿಂದಾಗಿ ಹೇಳಿದಷ್ಟು ಅಕ್ಕಿ ಬರಲಿಲ್ಲ. ಆದರೂ ಆ ವರ್ಷ ಹಡಗುಗಳು ಬಂದವು. ಮರುವರ್ಷ ಮಾರ್ಚ್-ಏಪ್ರಿಲ್‌ನಲ್ಲಿ ದೆಹಲಿಯ ಏಷ್ಯನ್ ಸಂಬಂಧಗಳ ಸಮ್ಮೇಳನಕ್ಕೆ ಶಾಹ್ರಿರ್ ಬಂದಾಗ ಸಿಕ್ಕ ಆದರಕ್ಕೆ ಈ ಅಕ್ಕಿಯ ನೆನಪೂ ಕಾರಣ.

ಮನೆಯೊಳಗಿನ ಶತ್ರುಗಳು ಸುಮ್ಮನಿರಲಿಲ್ಲ. ಡಚ್ಚರ ಜೊತೆ ಮಾತುಕತೆಯೇ ದ್ರೋಹ, ನೂರಕ್ಕೆ ನೂರು ಸ್ವಾತಂತ್ರ್ಯ ಬೇಕು ಎನ್ನುವವರ ಕೂಗು ಜೋರಾಗಿತ್ತು. 1946ರ ಜೂನ್ 27ರಂದು ಸುರಕಾರ್ತಾದಲ್ಲಿ ಪ್ರಧಾನಿಯನ್ನೇ ಅಪಹರಿಸಿದರು. ಬಿಟ್ಟುಬಿಡಿ ಎಂದು ಸುಕರ್ನೋ ರೇಡಿಯೊದಲ್ಲಿ ಕರೆ ಕೊಡಬೇಕಾಯಿತು. ಕೆಲವು ದಿನಗಳಲ್ಲಿ ಬಿಡುಗಡೆಯಾದ ಶಾಹ್ರಿರ್ ಮತ್ತೆ ಅದೇ ಮಾತುಕತೆಯ ಮೇಜಿಗೆ ಹೋಗಿ ಕುಳಿತರು. ನವೆಂಬರಿನಲ್ಲಿ ಲಿಂಗಾರ್ಜಾತಿ ಎಂಬ ಬೆಟ್ಟದೂರಿನಲ್ಲಿ ಒಪ್ಪಂದದ ಕರಡು ಸಿದ್ಧವಾಯಿತು. 1947ರ ಮಾರ್ಚ್ 25ರಂದು ಸಹಿ ಬಿತ್ತು. ಜಾವಾ, ಮದುರಾ, ಸುಮಾತ್ರಾಗಳ ಮೇಲೆ ಗಣರಾಜ್ಯದ ಅಧಿಕಾರ ನಡೆಯುತ್ತಿದೆ ಎಂದು ಡಚ್ಚರು ಮೊದಲ ಬಾರಿ ಒಪ್ಪಿದರು. ಆದರೆ ಎರಡೂ ಕಡೆಯವರು ಅದನ್ನು ತಮತಮಗೆ ಬೇಕಾದಂತೆ ಓದಿಕೊಂಡರು. ಇನ್ನಷ್ಟು ಬಿಟ್ಟುಕೊಡಲು ಹೊರಟ ಶಾಹ್ರಿರ್ ಜೂನ್ ಕೊನೆಯಲ್ಲಿ ಸ್ವಂತ ಪಕ್ಷದವರ ಬೆಂಬಲವನ್ನೇ ಕಳೆದುಕೊಂಡು ರಾಜೀನಾಮೆ ಕೊಟ್ಟರು.

ಜುಲೈ 21ರಂದು ಡಚ್ ಸೈನ್ಯ ಗಣರಾಜ್ಯದ ಮೇಲೆ ನುಗ್ಗಿತು. ಅದಕ್ಕೆ ಅವರು ಕೊಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಆಗ ಒಡಿಶಾದ ಬಿಜು ಪಟ್ನಾಯಕ್ ತಮ್ಮ ವಿಮಾನ ತೆಗೆದುಕೊಂಡು ಜಾವಾಕ್ಕೆ ಹಾರಿ, ಶಾಹ್ರಿರ್ ಅವರನ್ನು ಹತ್ತಿಸಿಕೊಂಡು ಸಿಂಗಾಪುರದ ಮೇಲೆ ದೆಹಲಿಗೆ ತಂದರು. ಜುಲೈ 30ರಂದು ಇಂಡಿಯಾ ಮತ್ತು ಆಸ್ಟ್ರೇಲಿಯಾ ಎರಡೂ ವಿಷಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದವು. ಇಂಡಿಯಾ ಇನ್ನೂ ಪೂರ್ತಿ ಸ್ವತಂತ್ರವೂ ಆಗಿರಲಿಲ್ಲ. ಆಗಸ್ಟ್ 14ರಂದು ನ್ಯೂಯಾರ್ಕ್ ಹತ್ತಿರದ ಲೇಕ್ ಸಕ್ಸೆಸ್‌ನಲ್ಲಿ ಶಾಹ್ರಿರ್ ಭದ್ರತಾ ಮಂಡಳಿಯ ಮುಂದೆ ನಿಂತು ತಮ್ಮ ದೇಶದ ಪರ ವಾದಿಸಿದರು. ದೆಹಲಿಯಲ್ಲಿ ಮಧ್ಯರಾತ್ರಿಯ ಸ್ವಾತಂತ್ರ್ಯಕ್ಕೆ ದೀಪ ಬೆಳಗಿಸಿದ ದಿನವೂ ಅದೇ. ಎರಡು ದೇಶಗಳ ಚರಿತ್ರೆ ಹೀಗೆ ಒಂದೇ ದಿನಾಂಕದಲ್ಲಿ ಮುಖಾಮುಖಿಯಾದದ್ದನ್ನು ನಮ್ಮ ಪತ್ರಿಕೆಗಳು ಆಗಸ್ಟ್ ತಿಂಗಳಲ್ಲಿ ಒಮ್ಮೆಯಾದರೂ ನೆನೆಯಬಹುದು. ಆಸ್ಟ್ರೇಲಿಯಾದ ಬಂದರುಗಳಲ್ಲಿ ಕಾರ್ಮಿಕರು ಮತ್ತೆ ಡಚ್ ಹಡಗುಗಳಿಗೆ ಬೆನ್ನು ತಿರುಗಿಸಿದರು.

ಭದ್ರತಾ ಮಂಡಳಿ ಸಂಧಾನಕ್ಕೆ ಮೂರು ದೇಶಗಳ ಸಮಿತಿ ಮಾಡಿದಾಗ ಇಂಡೋನೇಷ್ಯಾ ತನ್ನ ಪರವಾಗಿ ಆರಿಸಿಕೊಂಡದ್ದು ಆಸ್ಟ್ರೇಲಿಯಾವನ್ನು. ಡಚ್ಚರು ಬೆಲ್ಜಿಯಂ ಅನ್ನು ಆರಿಸಿದರು, ಇವೆರಡೂ ಸೇರಿ ಅಮೆರಿಕವನ್ನು. ಮೊದಲು ನ್ಯಾಯಾಧೀಶ ರಿಚರ್ಡ್ ಕರ್ಬಿ, ನಂತರ ಯುವ ರಾಜತಾಂತ್ರಿಕ ಟಾಮ್ ಕ್ರಿಚ್ಲಿ ಆ ಸಮಿತಿಯಲ್ಲಿ ಗಣರಾಜ್ಯಕ್ಕೆ ಆಸರೆಯಾದರು. ಬಿಳಿಯರಲ್ಲದವರನ್ನು ವಲಸೆಗೆ ಬಿಟ್ಟುಕೊಳ್ಳದ ನೀತಿಯನ್ನು ಬಿಗಿಯಾಗಿ ಹಿಡಿದಿದ್ದ ದೇಶ ಏಷ್ಯಾದ ಒಂದು ಸ್ವಾತಂತ್ರ್ಯ ಹೋರಾಟಕ್ಕೆ ಹೀಗೆ ಹೆಗಲು ಕೊಟ್ಟದ್ದು ಬೆರಗಿನ ಸಂಗತಿ. ಇಂದು ಬ್ರಿಸ್ಬೇನಿನಲ್ಲೋ ಅಡಿಲೇಡಿನಲ್ಲೋ ಬೆಳೆಯುವ ಕನ್ನಡದ ಮಕ್ಕಳಿಗೆ ಆ ದೇಶದ ಈ ಎರಡೂ ಮುಖಗಳು ತಿಳಿಯಬೇಕು. 1948ರ ಡಿಸೆಂಬರ್ 19ರಂದು ಡಚ್ಚರು ಎರಡನೇ ಬಾರಿ ನುಗ್ಗಿ ಸುಕರ್ನೋ, ಹಟ್ಟಾ, ಶಾಹ್ರಿರ್ ಎಲ್ಲರನ್ನೂ ಸೆರೆಹಿಡಿದರು. ಅದಾದ ಒಂದೇ ತಿಂಗಳಲ್ಲಿ ನೆಹರೂ ದೆಹಲಿಯಲ್ಲಿ ಕರೆದ ಸಮ್ಮೇಳನಕ್ಕೆ ಆಸ್ಟ್ರೇಲಿಯಾವೂ ಬಂತು. 1949ರ ಡಿಸೆಂಬರ್ 27ರಂದು ಅಧಿಕಾರ ಹಸ್ತಾಂತರವಾಯಿತು.

ಸ್ವತಂತ್ರ ಇಂಡೋನೇಷ್ಯಾದಲ್ಲಿ ಶಾಹ್ರಿರ್‌ಗೆ ಜಾಗ ಕಿರಿದಾಗುತ್ತ ಹೋಯಿತು. 1948ರಲ್ಲಿ ಹೊಸದಾಗಿ ಕಟ್ಟಿದ ಸಮಾಜವಾದಿ ಪಕ್ಷ ಓದಿದವರ ಪಕ್ಷವಾಗಿಯೇ ಉಳಿಯಿತು. ಜನರನ್ನು ಗುಂಪುಗೂಡಿಸುವುದಕ್ಕಿಂತ ಕಾರ್ಯಕರ್ತರನ್ನು ಬೆಳೆಸುವುದು ಮುಖ್ಯ ಎಂಬುದು ಅವರ ನಂಬಿಕೆ. 1955ರ ಚುನಾವಣೆಯಲ್ಲಿ ಮತದಾರರು ಅದಕ್ಕೆ ಕೊಟ್ಟದ್ದು ಶೇಕಡಾ 2ರಷ್ಟು ಮತ, 5 ಸ್ಥಾನ. ಸುಕರ್ನೋ ಸಂಸತ್ತನ್ನು ಪಕ್ಕಕ್ಕೆ ಸರಿಸಿ ತಮ್ಮದೇ ಆಳ್ವಿಕೆ ಶುರುಮಾಡಿದ ಮೇಲೆ, 1960ರಲ್ಲಿ ಪಕ್ಷ ನಿಷೇಧವಾಯಿತು. 1962ರ ಜನವರಿಯಲ್ಲಿ ಸಂಚಿನ ಆರೋಪ ಹೊರಿಸಿ ಶಾಹ್ರಿರ್ ಅವರನ್ನು ಬಂಧಿಸಿದರು. ಡಚ್ಚರು ಮಾಡಿದಂತೆಯೇ ತಮ್ಮವರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಸೆರೆಯಲ್ಲಿ ಪಾರ್ಶ್ವವಾಯು ಬಡಿಯಿತು. ಭದ್ರತಾ ಮಂಡಳಿಯನ್ನು ಮಾತಿನಿಂದ ಅಲುಗಾಡಿಸಿದವರ ನಾಲಿಗೆ ನಿಂತುಹೋಯಿತು. 1965ರಲ್ಲಿ ಚಿಕಿತ್ಸೆಗೆಂದು ಜ್ಯೂರಿಕ್‌ಗೆ ಹೋಗಲು ಬಿಟ್ಟರು. 1966ರ ಏಪ್ರಿಲ್ 9ರಂದು ಅಲ್ಲೇ ತೀರಿಕೊಂಡರು, ಕಾಗದದ ಮೇಲೆ ಇನ್ನೂ ಕೈದಿಯಾಗಿದ್ದಾಗಲೇ. ಅದೇ ದಿನ ಸರ್ಕಾರ ಅವರನ್ನು ರಾಷ್ಟ್ರವೀರ ಎಂದು ಸಾರಿತು.

ಪಕ್ಷ ಸತ್ತರೂ ಅದರ ಮಂದಿ ಉಳಿದರು. ಅವರನ್ನು ಅರಸಿಕೊಂಡು ಹೋದವರು ಜಾನ್ ಲೆಗ್. ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿ, ಮುಂದೆ ಮೆಲ್ಬರ್ನ್‌ನ ಮೊನಾಶ್‌ಗೆ ಹೋಗಿ, ಆಸ್ಟ್ರೇಲಿಯಾದಲ್ಲಿ ಇಂಡೋನೇಷ್ಯಾದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಸುಕರ್ನೋ ಅವರ ಜೀವನಚರಿತ್ರೆ ಬರೆದು ಹೆಸರಾದ ಮೇಲೆ ಅವರು ಕೈಹಾಕಿದ್ದು, ಜಪಾನೀಯರ ಕಾಲದ ಜಕಾರ್ತಾದಲ್ಲಿ ಶಾಹ್ರಿರ್ ಸುತ್ತ ಸೇರಿದ್ದ ವಿದ್ಯಾರ್ಥಿಗಳ ಚರಿತ್ರೆಗೆ. ಆ ಹೊತ್ತಿಗೆ ಮುದುಕರಾಗಿದ್ದ ಅವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಬರೆದ ಪುಸ್ತಕ 1988ರಲ್ಲಿ ಹೊರಬಂತು. ಶಾಹ್ರಿರ್ ಬಳಗದ ಸೂಜಾತ್ಮೊಕೊ ಅಮೆರಿಕದಲ್ಲಿ ರಾಯಭಾರಿಯಾಗಿ, ಮುಂದೆ ಟೋಕಿಯೊದ ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಶಾಹ್ರಿರ್ ಪಕ್ಷದ ಅರ್ಥಶಾಸ್ತ್ರಜ್ಞ ಸುಮಿತ್ರೊ ಜೊಜೊಹಾದಿಕುಸುಮೊ ಐವತ್ತರ ದಶಕದಲ್ಲಿ ಹಣಕಾಸು ಸಚಿವರಾಗಿದ್ದರು, ಬಂಡಾಯಕ್ಕೆ ಸೇರಿ ದೇಶ ಬಿಟ್ಟರು, ಸುಹಾರ್ತೊ ಕಾಲದಲ್ಲಿ ಮರಳಿ ಬಂದು ಮತ್ತೆ ಸಚಿವರಾದರು.

ಆ ಸುಮಿತ್ರೊ ಅವರ ಮಗ ಪ್ರಬೋವೊ ಸುಬಿಯಾಂತೊ 2024ರ ಅಕ್ಟೋಬರಿನಿಂದ ಇಂಡೋನೇಷ್ಯಾದ ಅಧ್ಯಕ್ಷರು. 2025ರ ಗಣರಾಜ್ಯೋತ್ಸವಕ್ಕೆ ದೆಹಲಿಗೆ ಮುಖ್ಯ ಅತಿಥಿಯಾಗಿ ಬಂದವರೂ ಅವರೇ. ಸೈನ್ಯದಲ್ಲಿ ಜನರಲ್ ಆಗಿದ್ದವರು. ಅದೇ ವರ್ಷದ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಸಂಸತ್ತು ಸೈನ್ಯಾಧಿಕಾರಿಗಳಿಗೆ ಇನ್ನಷ್ಟು ನಾಗರಿಕ ಹುದ್ದೆಗಳ ಬಾಗಿಲು ತೆರೆಯುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದನ್ನು ವಿರೋಧಿಸಿ ವಿದ್ಯಾರ್ಥಿಗಳು ಹಲವು ಊರುಗಳಲ್ಲಿ ಬೀದಿಗಿಳಿದರು. ಶಾಹ್ರಿರ್ 1945ರಲ್ಲಿ ‘ನಮ್ಮ ಹೋರಾಟ’ದಲ್ಲಿ ಎತ್ತಿದ ತಕರಾರಿಗೂ ಆ ವಿದ್ಯಾರ್ಥಿಗಳ ತಕರಾರಿಗೂ ಹೆಚ್ಚು ವ್ಯತ್ಯಾಸವಿಲ್ಲ.